ಉಣ್ಣಿ, ಚಿಗಟ ಮತ್ತು ಮಹಾನವಮಿಯ ಸುಣ್ಣ

ಮಹಾನವಮಿ ಹತ್ತಿರ ಬಂತೆಂದರೆ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಮನೆಯೊಳಗಿನ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ, ವರ್ಷವಿಡೀ ಹಾಸಿ ಹೊದ್ದ ಕೌದಿಗಳಿಗೆ ಹಳ್ಳದ ನೀರು. ಅಫಜಲಪುರ ತಾಲ್ಲೂಕಿನ ಚೌಡಾಪುರದ ಸುತ್ತಲಿನ ಊರುಗಳಲ್ಲಿ, ಪಕ್ಕದ ಆಳಂದ, ಜೇವರ್ಗಿ ಕಡೆಗೂ ಇದೇ ರೂಢಿ. ಘಟಸ್ಥಾಪನೆಯ ಮಡಿಗೆಂದು ಮಾಡುವ ಈ ಕೆಲಸ ಚಿಗಟ, ಉಣ್ಣಿಗಳ ಮೇಲೆ ಬೀಳುವ ದೊಡ್ಡ ಪೆಟ್ಟೂ ಹೌದು. ಮಳೆಗಾಲದ ತೇವ ಉಂಡು ಅವು ಹೆಚ್ಚಿರುವ ಹೊತ್ತಿಗೇ, ಅವು ನಿಜಕ್ಕೂ ಮನೆ ಮಾಡಿಕೊಂಡಿರುವ ಜಾಗಕ್ಕೇ ಆ ಪೆಟ್ಟು ಬೀಳುತ್ತದೆ. ಈಚೆಗೆ ನಮ್ಮ ಗಮನ ಗೋಡೆ, ನೆಲ ಬಿಟ್ಟು ಪ್ರಾಣಿಯ ಮೈಮೇಲೆ ನಿಂತಿದೆ. ನಾಯಿಗೆ ಪೌಡರ್, ಎಮ್ಮೆಗೆ ಔಷಧಿ ಸಿಂಪಡಣೆ, ಹದಿನೈದು ದಿನ ನೆಮ್ಮದಿ, ಮತ್ತೆ ಅದೇ ತುರಿಕೆ. ಔಷಧಿಯೇ ಖೊಟ್ಟಿ ಎಂದು ಅಂಗಡಿಯವನನ್ನು ಬೈಯುವ ಮೊದಲು ಈ ಕೀಟಗಳು ದಿನದ ಹೆಚ್ಚಿನ ಹೊತ್ತು ಎಲ್ಲಿರುತ್ತವೆ ಎಂದು ಕೇಳಿಕೊಳ್ಳಬೇಕು.

ಚಿಗಟದ ಲೆಕ್ಕ ನೋಡಿ. ನಾಯಿ, ಬೆಕ್ಕಿನ ಕೂದಲಲ್ಲಿ ಓಡಾಡುವ ಬೆಳೆದ ಚಿಗಟಗಳು ಒಂದು ಮನೆಯ ಒಟ್ಟು ಚಿಗಟ ಸಂತಾನದಲ್ಲಿ ಹೆಚ್ಚುಕಡಿಮೆ ಶೇ 5 ಮಾತ್ರ. ಉಳಿದ ಶೇ 95 ಮೊಟ್ಟೆ, ಮರಿಹುಳು, ಗೂಡು ಕಟ್ಟಿದ ಕೋಶಗಳ ರೂಪದಲ್ಲಿ ನೆಲದಲ್ಲೂ ಹಾಸಿಗೆಯಲ್ಲೂ ಇರುತ್ತದೆ. ಒಂದು ಹೆಣ್ಣು ದಿನಕ್ಕೆ 20ರಿಂದ 40 ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಅಂಟಿಲ್ಲ, ನಾಯಿ ಮೈ ಕೊಡವಿದಲ್ಲೆಲ್ಲ ಉದುರುತ್ತದೆ. ಹುಳು ಬೆಳಕಿಗೆ ಹೆದರಿ ಸಂದಿಗೆ ಇಳಿಯುತ್ತದೆ. ದೊಡ್ಡ ಚಿಗಟ ವಿಸರ್ಜಿಸಿದ ಒಣ ರಕ್ತವೇ ಅದರ ಆಹಾರ. ನಾಯಿ ಮಲಗುವ ಗೋಣಿಚೀಲವನ್ನು ಬಿಳಿ ಹಾಳೆಯ ಮೇಲೆ ಕೊಡವಿ, ಉದುರಿದ ಕಪ್ಪು ಕಣಗಳ ಮೇಲೆ ಒಂದು ಹನಿ ನೀರು ಬಿಟ್ಟರೆ ಸಂಶಯ ತೀರುತ್ತದೆ. ಬರೀ ಮಣ್ಣಾದರೆ ಮಣ್ಣಿನ ಬಣ್ಣವೇ ಉಳಿಯುತ್ತದೆ, ಚಿಗಟದ ಹಿಕ್ಕೆಯಾದರೆ ಸುತ್ತಲೂ ಕೆಂಗಂದು ವೃತ್ತ ಹರಡುತ್ತದೆ. ಇನ್ನು ಗೂಡಿನೊಳಗಿನ ಕೋಶದ ಮೇಲೆ ಯಾವ ಸಿಂಪಡಣೆಯೂ ಸುಲಭವಾಗಿ ನಾಟುವುದಿಲ್ಲ. ಕಾಲಿನ ಸದ್ದು, ಮೈಯ ಬಿಸಿ, ಉಸಿರಿನ ಗಾಳಿ ತಾಗುವವರೆಗೆ ಅದು ತಿಂಗಳುಗಟ್ಟಲೆ ಕಾಯಬಲ್ಲದು. ಮುಂಬೈ, ಪುಣೆಗೆ ಗುಳೆ ಹೋದ ಕುಟುಂಬ ನಾಲ್ಕಾರು ತಿಂಗಳ ಮೇಲೆ ಬಂದು ಬೀಗ ತೆಗೆದ ದಿನವೇ ಮಕ್ಕಳ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಕೆಂಪು ಗಂದೆಗಳೇಳುವುದು ಇದಕ್ಕೇ. ಖಾಲಿ ಮನೆಯಲ್ಲಿ ಚಿಗಟ ಎಲ್ಲಿಂದ ಬಂತು ಎಂದು ಆಶ್ಚರ್ಯಪಡುತ್ತೇವೆ. ಅವು ಹೊಸದಾಗಿ ಬಂದವಲ್ಲ, ಬೀಗ ಹಾಕುವಾಗಲೇ ಒಳಗಿದ್ದವು.

ಉಣ್ಣಿಯದು ಬೇರೆ ಬದುಕಾದರೂ ವಿಳಾಸ ಅದೇ. ನಾಯಿಗೆ ಹತ್ತುವ ಕಂದು ಉಣ್ಣಿ ಮರಿಯಾಗಿ ಒಮ್ಮೆ, ನಡುಪ್ರಾಯದಲ್ಲಿ ಒಮ್ಮೆ, ಬೆಳೆದ ಮೇಲೆ ಮತ್ತೊಮ್ಮೆ, ಹೀಗೆ ಮೂರು ಸಲ ರಕ್ತ ಕುಡಿಯುತ್ತದೆ. ಮೂರು ಸಲವೂ ಮೈಯಿಂದ ಕಳಚಿ ಕೆಳಗೆ ಬೀಳುತ್ತದೆ. ಬಿದ್ದದ್ದು ಮೇಲಕ್ಕೆ ಹತ್ತುವ ಸ್ವಭಾವದ್ದು. ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿ, ತೊಲೆಯ ಮಗ್ಗುಲು ಅದರ ಠಿಕಾಣಿ. ನೆನೆಸಿದ ತೊಗರಿ ಕಾಳಿನಂತೆ ಉಬ್ಬಿದ ಹೆಣ್ಣು ಅಲ್ಲಿ ಕೂತು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಬೆಳೆದ ಉಣ್ಣಿ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕೀತು. ನಾಯಿಯ ಕಿವಿಯಿಂದ ಹತ್ತು ಉಣ್ಣಿ ಕಿತ್ತು ಕಲ್ಲಿನ ಮೇಲೆ ಅರೆದವರಿಗೆ ಸಮಾಧಾನವೇನೋ ಸಿಗುತ್ತದೆ, ಲೆಕ್ಕದಲ್ಲಿ ಮಾತ್ರ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಅಂದಹಾಗೆ, ಅರೆಯುವುದೂ ಬೇಡ, ಬೆರಳಲ್ಲಿ ಹಿಸುಕುವುದೂ ಬೇಡ. ಅದರ ಹೊಟ್ಟೆಯಲ್ಲಿರುವ ರೋಗಾಣು ಕೈಯ ಗಾಯಕ್ಕೆ ತಾಗಬಹುದು. ಚಿಮಟಿಗೆಯಿಂದ ಚರ್ಮಕ್ಕೆ ಅಂಟಿಸಿ ಹಿಡಿದು, ತಿರುಚದೆ ನೇರ ಎಳೆದು, ಸಾಬೂನು ನೀರು ತುಂಬಿದ ಬಾಟಲಿಗೆ ಹಾಕಿ ಮುಚ್ಚಳ ಬಿಗಿದರೆ ಆಯಿತು. ಸೀಮೆಎಣ್ಣೆ ಸುರಿಯುವುದು, ಬೀಡಿ ತುದಿಯಿಂದ ಸುಡುವುದು ನಾಯಿಯ ಚರ್ಮಕ್ಕೇ ಕೇಡು.

ಈ ಸೀಮೆಯ ಮನೆಗಳನ್ನು ಉಣ್ಣಿಯ ಕಣ್ಣಿನಿಂದ ಒಮ್ಮೆ ನೋಡಬೇಕು. ದಪ್ಪ ಕಲ್ಲಿನ ಗೋಡೆ, ಕಲ್ಲು ಕಲ್ಲಿನ ನಡುವೆ ಉದುರಿಹೋದ ಮಣ್ಣು, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಫರಸಿ, ಫರಸಿಗಳ ನಡುವೆ ಸಿಮೆಂಟ್ ಕಿತ್ತುಹೋದ ಸಂದಿಗಳು. ಎಷ್ಟೋ ಮನೆಗಳಲ್ಲಿ ದನ ಕಟ್ಟುವ ಜಾಗಕ್ಕೂ ಪಡಸಾಲೆಗೂ ನಡುವೆ ಒಂದೇ ಗೋಡೆ. ಹಿತ್ತಲಲ್ಲಿ ಒಟ್ಟಿದ ತೊಗರಿ ಕಟ್ಟಿಗೆ, ಕುಳ್ಳಿನ ರಾಶಿ, ಕಣಕಿಯ ಬಣವೆ, ಅದಕ್ಕೆ ಹತ್ತಿಕೊಂಡೇ ತಿಪ್ಪೆ. ನಮ್ಮ ಬಿಸಿಲೇ ಸಾಕು, ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೆ ಹುಳ ಉಳಿದೀತೇ ಎಂದು ಕೇಳುವವರಿದ್ದಾರೆ. ಬಯಲಿನ ಮಟ್ಟಿಗೆ ಅವರ ಮಾತು ಸರಿ. ಚಿಗಟದ ಹುಳು 35 ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ, ಇಲ್ಲವೇ ಗಾಳಿಯ ತೇವ ಅರ್ಧಕ್ಕಿಂತ ಕಡಿಮೆಯಾದಾಗ ತಾಳುವುದಿಲ್ಲ. ಬಿಸಿಲು ಬಿದ್ದ ಬರಿ ಅಂಗಳದಲ್ಲಿ ಅದನ್ನು ಹುಡುಕಿದರೂ ಸಿಗದು. ಆದರೆ ಅದೇ ಬಿಸಿಲಿಗೆ ಅಂಜಿಯೇ ಅಲ್ಲವೇ ನಮ್ಮ ಹಿರಿಯರು ಅಷ್ಟು ದಪ್ಪ ಗೋಡೆ ಕಟ್ಟಿದ್ದು? ನಮಗೆ ತಂಪು ಕೊಡುವ ಗೋಡೆ ಉಣ್ಣಿಗೂ ತಂಪು ಕೊಡುತ್ತದೆ. ನೀರಿನ ಕೊಡ ಇಡುವ ಮೂಲೆ, ಬಚ್ಚಲ ಮಗ್ಗುಲು, ಗೋದಲಿಯ ಕೆಳಭಾಗಗಳಲ್ಲಿ ಬೇಸಿಗೆಯಲ್ಲೂ ಹಸಿ ಆರುವುದಿಲ್ಲ. ಬೇಸಿಗೆ ಈ ಕೀಟಗಳನ್ನು ಬಯಲಿನಿಂದ ಒಳಕ್ಕೆ ದೂಡುತ್ತದೆ, ಮೊದಲ ಮಳೆ ಮತ್ತೆ ಹೊರಕ್ಕೆ ಕರೆಯುತ್ತದೆ.

ಆದ್ದರಿಂದ ಮೊದಲ ಖರ್ಚು ಔಷಧಿಗಲ್ಲ, ಒಂದು ಚೀಲ ಸಿಮೆಂಟಿಗೆ. ಗೋಡೆಯ ಸಂದಿಗಳಿಗೆ, ಅದರಲ್ಲೂ ನೆಲದಿಂದ ಆಳೆತ್ತರದವರೆಗೆ, ಗಿಲಾವು ತುಂಬಬೇಕು. ಫರಸಿ ಸಂದಿ ಮುಚ್ಚಬೇಕು. ಸಿಮೆಂಟ್ ಬಾರದಲ್ಲಿ ಮಣ್ಣು-ಸಗಣಿ ಕಲಸಿ ಮೆತ್ತಿ ಮೇಲೆ ಗಟ್ಟಿ ಸುಣ್ಣ ಹೊಡೆಯಬೇಕು. ಸುಣ್ಣದ ಮುಖ್ಯ ಉಪಯೋಗ ಸಣ್ಣ ಬಿರುಕನ್ನು ಮುಚ್ಚುವುದು. ಕಟ್ಟಿಗೆ, ಕುಳ್ಳು ಗೋಡೆಯಿಂದ ನಾಲ್ಕು ಹೆಜ್ಜೆ ಆಚೆ ಹೋಗಬೇಕು, ತಿಪ್ಪೆ ಇನ್ನೂ ಆಚೆ. ನಾಯಿ ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹರವಬೇಕು. ಕೌದಿಯ ವಿಷಯದಲ್ಲಿ ತುಸು ಎಚ್ಚರ ಬೇಕು: ಹಳೇ ಸೀರೆ, ಧೋತರದ ಪದರ ಪದರಗಳ ನಡುವೆ ಮೊಟ್ಟೆ ಸೇರಿದರೆ ಮೇಲೆ ಮೇಲೆ ಕೊಡವಿದರೆ ಹೋಗುವುದಿಲ್ಲ, ಕಾದ ಮಾಳಿಗೆಯ ಮೇಲೆ ಎರಡೂ ಮಗ್ಗುಲು ಮಗುಚಿ ಎರಡು ಮೂರು ದಿನ ಒಣಗಿಸಬೇಕು. ಇಷ್ಟನ್ನೂ ಮಹಾನವಮಿಗೆ ಮಾಡುತ್ತಲೇ ಬಂದಿದ್ದೇವಲ್ಲ, ಆದರೂ ಹೋಗಲಿಲ್ಲವಲ್ಲ ಎಂದರೆ, ಕೊರತೆ ಇರುವುದು ಎಣಿಕೆಯಲ್ಲಿ. ಒಂದು ಸಲದ ಸ್ವಚ್ಛತೆಗೆ ಮೊಟ್ಟೆ, ಹುಳು ಸಿಗುತ್ತವೆ, ಕೋಶ ತಪ್ಪಿಸಿಕೊಳ್ಳುತ್ತದೆ. ಅದು ಒಡೆದು ಹೊರಬಂದದ್ದು ಮತ್ತೆ ಮೊಟ್ಟೆ ಇಡುವ ಮೊದಲು ಇನ್ನೊಂದು ಸುತ್ತು, ಎರಡು ಮೂರು ವಾರ ಬಿಟ್ಟು ಮತ್ತೊಂದು ಸುತ್ತು ನಡೆಯಬೇಕು. ಕನಿಷ್ಠ ಎರಡು ತಿಂಗಳು ದಿನವೂ ಮೂಲೆಮೂಲೆ ಗುಡಿಸಿ, ಆ ಕಸವನ್ನು ಹಿತ್ತಲಿಗೆ ಚೆಲ್ಲದೆ ಸುಟ್ಟರೆ ಮಾತ್ರ ಸರಪಳಿ ತುಂಡಾಗುತ್ತದೆ. ಈ ನಡುವೆ ಹೊಸ ಚಿಗಟ ಕಂಡರೆ ಸೋತೆವೆಂದುಕೊಳ್ಳಬೇಕಿಲ್ಲ, ಹಳೇ ಗೂಡುಗಳು ಖಾಲಿಯಾಗುತ್ತಿವೆ ಎಂದೇ ಅದರ ಅರ್ಥ.

ಇಷ್ಟೆಲ್ಲ ಯಾಕೆ, ಹೊಲಕ್ಕೆ ತಂದ ಎಣ್ಣೆಯೇ ಡಬ್ಬಿಯಲ್ಲಿ ಉಳಿದಿದೆ, ತೊಗರಿಯ ಕಾಯಿಕೊರಕ ಸಾಯುವುದಾದರೆ ಉಣ್ಣಿ ಸಾಯದೇ ಎಂಬ ಮಾತು ತೊಗರಿ ಬೆಳೆಯುವ ನಾಡಿನಲ್ಲಿ ಸಹಜ. ಸಾಯಬಹುದು, ಜೊತೆಗೆ ಕರುವೂ ಸಾಯಬಹುದು. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಮೊನೊಕ್ರೊಟೊಫಾಸ್‌ಗಳು ಚರ್ಮದ ಮೂಲಕವೂ ಒಳಸೇರಿ ನರಗಳನ್ನು ಕೆಡಿಸುವ ವಿಷಗಳು. ದನ ತನ್ನ ಮೈ ನೆಕ್ಕುತ್ತದೆ, ಕೂಸು ಅದೇ ನೆಲದಲ್ಲಿ ಅಂಬೆಗಾಲಿಡುತ್ತದೆ, ಹಾಲು ಅದೇ ಕೊಟ್ಟಿಗೆಯಿಂದ ಬರುತ್ತದೆ. ಸೈಪರ್‌ಮೆಥ್ರಿನ್ ಎಂಬ ಹೆಸರು ಬೆಳೆಯ ಔಷಧಿ, ದನದ ಔಷಧಿ ಎರಡೂ ಡಬ್ಬಿಯ ಮೇಲಿದೆಯಲ್ಲ ಎಂಬ ವಾದಕ್ಕೂ ಉತ್ತರವಿದೆ: ಬೆಳೆಗೆಂದು ಮಾಡಿದ್ದರಲ್ಲಿ ಬೆರೆಸಿದ ದ್ರಾವಕ, ಮದ್ದಿನ ಪ್ರಮಾಣ ಬೇರೆ, ಪ್ರಾಣಿಯ ಮೈಗೆ ತಾಳುತ್ತದೆಯೇ ಎಂದು ಅದನ್ನು ಪರೀಕ್ಷಿಸಿರುವುದಿಲ್ಲ. ಹಿಂದೆ ಎಲ್ಲರ ಮನೆಯಲ್ಲೂ ಇದ್ದ ಗಮಾಕ್ಸಿನ್ ಪುಡಿಯನ್ನು, ಅಂದರೆ ಬಿಎಚ್‌ಸಿಯನ್ನು, 1997ರಲ್ಲಿ ದೇಶದಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ದನದ ದವಾಖಾನಿಯಲ್ಲಿ ಕೇಳಿ ತಂದ ಅಮಿಟ್ರಾಜ್ ಅಥವಾ ಡೆಲ್ಟಾಮೆಥ್ರಿನ್‌ಅನ್ನು ಚೀಟಿಯಲ್ಲಿ ಬರೆದ ಅಳತೆಗೇ ನೀರಲ್ಲಿ ಬೆರೆಸಿ, ದನದ ಮೈಗೆ ಹಾಕಿದ ದಿನವೇ ಗೋಡೆ ಸಂದಿಗೂ ಗೋದಲಿಯ ಹೊರಮೈಗೂ ಹೊಡೆಯಬೇಕು. ಮೇವಿಗೆ ತಾಗಬಾರದು, ಕೈಗೆ ಗವಸು ಇರಬೇಕು, ಹಾಲು ಎಷ್ಟು ದಿನ ಬಿಡಬೇಕೆಂದು ಡಾಕ್ಟರನ್ನೇ ಕೇಳಬೇಕು. ಪರ್ಮೆಥ್ರಿನ್ ಇರುವ ನಾಯಿ ಔಷಧಿ ಬೆಕ್ಕಿಗೆ ಪ್ರಾಣಾಂತಿಕ. ಎರಡನ್ನೂ ಸಾಕಿದವರು ಇದನ್ನು ಮರೆಯಬಾರದು. ಇನ್ನು ಅಳತೆ ತಪ್ಪಿಸಿ ತೆಳ್ಳಗೆ ಬೆರೆಸುವುದು, ಪದೇ ಪದೇ ಒಂದೇ ಔಷಧಿ ಹೊಡೆಯುವುದು ನಮಗೆ ಈಗಾಗಲೇ ತುಟ್ಟಿಯಾಗಿದೆ. ದನದ ಉಣ್ಣಿ ಈ ಔಷಧಿಗಳಿಗೆ ಜಗ್ಗದಂತಾಗಿರುವುದು ಭಾರತದ ಹಲವು ರಾಜ್ಯಗಳಲ್ಲಿ ದಾಖಲಾಗಿದೆ. ಗೋಡೆ ಮುಚ್ಚುವುದಕ್ಕೆ ಮಾತ್ರ ಯಾವ ಉಣ್ಣಿಯೂ ನಿರೋಧ ಬೆಳೆಸಿಕೊಳ್ಳಲಾರದು.

ಬೇವಿನೆಣ್ಣೆ ಹಚ್ಚಿದರೆ ಹೊಸ ಉಣ್ಣಿ ಹತ್ತುವುದು ತುಸು ತಗ್ಗುತ್ತದೆ. ಹತ್ತಿ ಕೂತದ್ದಕ್ಕೆ ಅದು ಸಾಲದು. ಕೋಳಿಯ ಮಾತು ಇನ್ನೂ ಸ್ವಾರಸ್ಯದ್ದು. ಕೊಟ್ಟಿಗೆಯಲ್ಲಿ ಬಿಟ್ಟ ಜವಾರಿ ಕೋಳಿ ಕೆಳಗೆ ಬಿದ್ದ ಉಣ್ಣಿಯನ್ನೂ, ಮಲಗಿದ ದನದ ಮೈಮೇಲಿನದನ್ನೂ ಹೆಕ್ಕಿ ತಿನ್ನುವುದು ನಿಜ, ಕೀನ್ಯಾದಲ್ಲಿ ಇದರ ಅಧ್ಯಯನವೇ ಆಗಿದೆ. ಆದರೆ ಕೋಳಿಗೆ ತನ್ನದೇ ಉಣ್ಣಿಯೊಂದಿದೆ, ಹಗಲೆಲ್ಲ ಗೂಡಿನ ಬಿರುಕಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವಂಥದ್ದು. ಕೋಳಿ ಇರಲಿ, ಅದರ ಗೂಡಿನ ಸಂದಿಗೂ ಗಿಲಾವು ಬೀಳಲಿ.

ನಮ್ಮ ಜವಾರಿ ದನಕ್ಕೆ ತಲೆತಲಾಂತರದಿಂದ ಉಣ್ಣಿ ಇದೆ, ಏನೂ ಆಗಿಲ್ಲ ಎಂಬುದು ಹಳೇ ರೈತರ ಗಟ್ಟಿ ವಾದ. ದೇವಣಿಯಂಥ ತಳಿಗಳ ಮಟ್ಟಿಗೆ ಅದರಲ್ಲಿ ಹುರುಳಿದೆ. ಆದರೆ ಈಗ ಅದೇ ಕೊಟ್ಟಿಗೆಯಲ್ಲಿ ಎಚ್‌ಎಫ್, ಜರ್ಸಿ ಮಿಶ್ರತಳಿಗಳೂ ನಿಂತಿವೆ. ಥೈಲೇರಿಯಾ ರೋಗದ ಪರಾವಲಂಬಿ ಜವಾರಿ ದನದ ರಕ್ತದಲ್ಲಿ ಸದ್ದಿಲ್ಲದೆ ಇದ್ದುಬಿಡಬಹುದು. ಅದನ್ನು ಕಚ್ಚಿದ ಎಳೆಯ ಹಯಾಲೊಮಾ ಉಣ್ಣಿ ಕಳಚಿ ಬಿದ್ದು, ಗೋಡೆಯ ಬಿರುಕಲ್ಲಿ ಪೊರೆ ಬಿಟ್ಟು, ಮುಂದಿನ ಹಂತದಲ್ಲಿ ಮಿಶ್ರತಳಿಯ ಆಕಳನ್ನು ಕಚ್ಚಿದಾಗ ರೋಗ ದಾಟುತ್ತದೆ. ಇಳಿಯದ ಜ್ವರ, ಭುಜದ ಮುಂದೆ ಕೈಗೆ ಸಿಗುವ ಗಡ್ಡೆ, ಬಿಳಿಚಿದ ಕಣ್ಣಿನ ಒಳಪದರ ಅದರ ಗುರುತು. ಬೇಗ ತೋರಿಸಿದರೆ ಬುಪಾರ್ವಕ್ವೋನ್ ಇಂಜೆಕ್ಷನ್ನಿಗೆ ಗುಣವಾಗುತ್ತದೆ, ಹೈದರಾಬಾದಿನಲ್ಲಿ ತಯಾರಾಗುವ ಲಸಿಕೆಯೂ ಇದೆ; ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962. ರೋಗ ಒಂದು ದನದಿಂದ ಇನ್ನೊಂದಕ್ಕೆ ಹೋಗುವ ದಾರಿಯ ನಡುವಿನ ತಂಗುದಾಣ ಗೋಡೆ ಎಂಬುದನ್ನು ಗಮನಿಸಬೇಕು.

ಉಣ್ಣಿ ಎಂದಾಕ್ಷಣ ಮಂಗನ ಕಾಯಿಲೆ ನೆನೆದು ಹೆದರುವವರೂ ಇದ್ದಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗ ಕಾಡಂಚಿನದು, ಅದನ್ನು ಹರಡುವ ಉಣ್ಣಿಯೂ ಕಾಡಿನದೇ. ಭೀಮಾ ತೀರದ ಎರೆ ಭೂಮಿಗೆ ಆ ಚಿಂತೆ ಬೇಡ. ಉಣ್ಣಿ ಕಚ್ಚಿದ ಮೇಲೆ ಜ್ವರ, ಮೈಮೇಲೆ ಗುಳ್ಳೆ ಬಂದರೆ ಕಚ್ಚಿದ ಸಂಗತಿಯನ್ನು ಡಾಕ್ಟರಿಗೆ ಹೇಳಬೇಕು, ಅಷ್ಟೇ. ನಮಗೆ ಹತ್ತಿರದ ಪಾಠ ಬೇರೊಂದಿದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಆಳಂದ ಭಾಗದವರಿಗೂ ನೆನಪಿದೆ; ಅದರ ಮರುವರ್ಷ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಮಲಾ ಹಳ್ಳಿಯಲ್ಲಿ ಇಲಿಗಳು ಸತ್ತು ಬಿದ್ದವು, ಮನೆಗಳಲ್ಲಿ ಚಿಗಟದ ಕಾಟ ಎದ್ದಿತು, ಹಿಂದೆಯೇ ಪ್ಲೇಗಿನ ಸುದ್ದಿ ಬಂತು. ಇಲಿ ಸತ್ತೊಡನೆ ಅದರ ಚಿಗಟ ಬಿಸಿ ಮೈಯೊಂದನ್ನು ಹುಡುಕುತ್ತದೆ. ಹಗೇವು, ಬಣವೆಗೆ ಇಲಿಪಾಷಾಣ ಇಡುವವರು ಮೊದಲು ಬಿಲದ ಬಾಯಿಗೆ ಚಿಗಟದ ಮದ್ದು ಹಾಕಿಸಿ ಆಮೇಲೆ ಇಲಿಯ ಕಡೆ ತಿರುಗಬೇಕು. ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತಬಾರದು.

ಉಳಿದದ್ದು ಓಣಿಯ ನಾಯಿಯ ಪ್ರಶ್ನೆ. ನಮ್ಮ ಮನೆಯನ್ನು ಎಷ್ಟು ಮುಚ್ಚಿದರೇನು, ಯಾರದೂ ಅಲ್ಲದ ನಾಯಿ ಬಂದು ಕಟ್ಟೆಯ ಮೇಲೆ ಮಲಗುತ್ತದಲ್ಲ ಎಂಬುದು ಎಲ್ಲಕ್ಕಿಂತ ತೂಕದ ಆಕ್ಷೇಪ. ಹೊಡೆದು ಓಡಿಸಿ ಎನ್ನುವುದು ಚೌಡಾಪುರದಲ್ಲಿ ನಡೆಯುವ ಮಾತಲ್ಲ. ಇಲ್ಲಿಂದಲೇ ದೇವಲ ಗಾಣಗಾಪುರಕ್ಕೆ ದಾರಿ, ಅಲ್ಲಿನ ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳು, ಅವು ನಾಲ್ಕು ವೇದಗಳೆಂಬ ನಂಬಿಕೆ. ಓಡಿಸಿದರೂ ಪ್ರಯೋಜನವಿಲ್ಲ, ಆ ಜಾಗಕ್ಕೆ ಇನ್ನೊಂದು ನಾಯಿ ಬರುತ್ತದೆ, ಉಣ್ಣಿ ಕಟ್ಟೆಯಲ್ಲೇ ಇರುತ್ತದೆ. ಅದರ ಬದಲು ಒಂದೇ ಕಡೆ ಮಲಗುವಂತೆ ನೆರಳಲ್ಲಿ ಒಂದು ಗೋಣಿಚೀಲ ಹಾಕಿ, ವಾರಕ್ಕೊಮ್ಮೆ ಆ ಚೀಲ ಕುದಿಸಬಹುದು. ಚಿಗಟ, ಉಣ್ಣಿ ಎರಡನ್ನೂ ವಾರಗಟ್ಟಲೆ ಕೊಲ್ಲುವ ಅಗಿಯುವ ಗುಳಿಗೆಗಳು ಈಗ ಸಿಗುತ್ತವೆ. ಗುಳಿಗೆ ನುಂಗಿದ ನಾಯಿಗೆ ಹತ್ತಿದ ಉಣ್ಣಿ ರಕ್ತ ಕುಡಿದು ಸಾಯುವುದರಿಂದ ಆ ನಾಯಿಯೇ ಓಣಿಯ ಉಣ್ಣಿಗಳನ್ನು ಆರಿಸುತ್ತ ತಿರುಗುತ್ತದೆ. ಗುಳಿಗೆ ಒಬ್ಬರ ಕಿಸೆಗೆ ತುಟ್ಟಿ. ಕಟ್ಟೆ ಹಂಚಿಕೊಂಡ ನಾಲ್ಕು ಮನೆಯವರು ಸೇರಿ ತಂದು, ನಾಯಿಯ ತೂಕ ಹೇಳಿ ಡಾಕ್ಟರಿಂದ ಬರೆಸಿ, ಜೋಳದ ರೊಟ್ಟಿಯ ತುಣುಕಿನಲ್ಲಿಟ್ಟು ಮಳೆಗಾಲದ ಆರಂಭದಲ್ಲಿ ಒಮ್ಮೆ, ಮಹಾನವಮಿಯ ಸುಣ್ಣದ ಹೊತ್ತಿಗೆ ಮತ್ತೊಮ್ಮೆ ಹಾಕುವಷ್ಟು ಮಾತ್ರ ಖರ್ಚು ಹಂಚಿಕೊಂಡರೆ ಆಗುತ್ತದೆ.