ಹಿಮದ ಇಳಿಜಾರಿನಲ್ಲೊಂದು ಪೂಜೆ

ಚಳಿಗಾಲದಲ್ಲಿ ಕೇದಾರನಾಥನಿಗೆ ಪೂಜೆ ಸಲ್ಲುವ ಊಖೀಮಠದ ದರ್ಶನ ಪಡೆದು ನಾವು ಜೋಶಿಮಠದ ಮಾರ್ಗವಾಗಿ ಔಲಿಗೆ ತೆರಳಿದೆವು. 2023ರ ಜನವರಿಯಲ್ಲಿ ನೆಲ ಕುಸಿದು ರೋಪ್‌ವೇ ನಿಂತಿದ್ದರಿಂದ ಜೀಪೇ ಗತಿಯಾಯಿತು. ಸ್ಕೀಯಿಂಗ್ ನಡೆಯುವ ಇಳಿಜಾರಿಗೆ ತಾಗಿದ ಅಗ್ಗದ ವಸತಿಗೃಹದ ಸಾಮೂಹಿಕ ಕೊಠಡಿಯಲ್ಲಿ ಮಂಚಗಳು ದೊರೆತವು. ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ!

ಬೆಳಗಾದಾಗ ನಲ್ಲಿಯ ನೀರು ಹೆಪ್ಪುಗಟ್ಟಿತ್ತು. ನಮ್ಮ ತಾಯಿಯವರ ಇಷ್ಟಲಿಂಗಪೂಜೆ ದೀಕ್ಷೆಯಾದಂದಿನಿಂದ ಒಂದು ದಿನವೂ ತಪ್ಪಿದ್ದಿಲ್ಲ. ನಾವು ಕಳವಳಗೊಂಡೆವು. ಅಡುಗೆಯವನು ಹಿಮ ಕರಗಿಸಿ, ಕಾಯಿಸಿದ ನೀರನ್ನು ತಂದಿತ್ತನು. ಸ್ಕೀಯಿಂಗ್ ಕಲಿಯಲು ಬಂದಿದ್ದ ಅಪರಿಚಿತ ತರುಣರು ಮಂಚ ಸರಿಸಿ ಜಾಗ ಮಾಡಿಕೊಟ್ಟು, ಪೂಜೆ ಮುಗಿಯುವವರೆಗೂ ಮೌನವಾಗಿ ಕುಳಿತರು. ಬಳಿಕ ಕೈಯೊಡ್ಡಿ ಪ್ರಸಾದದ ಕಲ್ಲುಸಕ್ಕರೆ ಪಡೆದರು.

ಹೋಗುವವರು ಉಣ್ಣೆಯ ಉಡುಪು ಮರೆಯದಿರಲಿ. ಸ್ಕೀ ಹಲಗೆಗಳು ಅಲ್ಲಿಯೇ ಬಾಡಿಗೆಗೆ ದೊರೆಯುತ್ತವೆ. ಆ ಬಡ ಕೊಠಡಿ ಅಂದು ನಮಗೆ ಮಠವೇ ಆಗಿತ್ತು.