ಮಣಿಕಟ್ಟಿಗೆ ಒಗ್ಗುವ ಗಡಿಯಾರ

ಕೈಗಡಿಯಾರವನ್ನು ಕೊಳ್ಳಹೋದವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರೋ ನಾಲ್ಕೋ: ಬೆಲೆ ಎಷ್ಟು, ವೇಳೆ ಸರಿಯಾಗಿ ತೋರಿಸೀತೆ, ನೀರು ತಾಕಿದರೆ ಕೆಟ್ಟೀತೆ. ದಿನಕ್ಕೆ ಹತ್ತು ಹನ್ನೆರಡು ಗಂಟೆಗಳ ಕಾಲ ಮೈಗೆ ಅಂಟಿಕೊಂಡಿರಬೇಕಾದ ಈ ವಸ್ತು ಕೈಗೆ ಹಿತವಾದೀತೆ ಎಂದು ವಿಚಾರಿಸುವವರು ವಿರಳ. ಪಾದರಕ್ಷೆಯನ್ನು ಕೊಳ್ಳುವಾಗ ನಾಲ್ಕು ಹೆಜ್ಜೆ ನಡೆದು ನೋಡುವ ಜಾಣರೇ ಗಡಿಯಾರವನ್ನು ಗಾಜಿನ ಪೆಟ್ಟಿಗೆಯೊಳಗೆ ಕಂಡಂತೆಯೇ ಮೆಚ್ಚಿ, ಹಣ ತೆತ್ತು ಮನೆಗೆ ಬರುತ್ತಾರೆ.

ಸಂಸ್ಕೃತದಲ್ಲಿ ಮಣಿಬಂಧ, ಕನ್ನಡದಲ್ಲಿ ಮಣಿಕಟ್ಟು. ರತ್ನವನ್ನು ಕಟ್ಟುವ ಎಡೆ ಎಂಬುದು ಹೆಸರಿನ ಅರ್ಥ. ಬಳೆ ಕಂಕಣಗಳಿಗೆ ಬಹುಕಾಲದಿಂದ ಒಗ್ಗಿದ ಈ ಜಾಗಕ್ಕೆ ಗಡಿಯಾರ ಬಂದದ್ದು ತೀರ ಈಚೆಗೆ. ಹೆಂಗಸರ ಆಭರಣವೆಂದು ಗಂಡಸರು ನಗುತ್ತಿದ್ದ ಕೈಗಡಿಯಾರವು ಅವರಿಗೂ ಒಪ್ಪಿಗೆಯಾದದ್ದು, 1914ರಿಂದ 1918ರ ವರೆಗಿನ ಮಹಾಯುದ್ಧದಲ್ಲಿ ಜೇಬಿಗೆ ಕೈಹಾಕಲು ವ್ಯವಧಾನವಿಲ್ಲದ ಸೈನಿಕರು ಅದನ್ನು ಮುಂಗೈಗೆ ಬಿಗಿದುಕೊಂಡ ಮೇಲೆಯೇ. ಆದರೆ ಬಳೆಗಿಲ್ಲದ ತೊಡಕೊಂದು ಗಡಿಯಾರಕ್ಕುಂಟು. ಬಳೆ ಸುತ್ತಲೂ ಒಂದೇ ತೂಕದ್ದು. ಗಡಿಯಾರದ ಭಾರವೆಲ್ಲ ಒಂದೇ ಕಡೆ. ಪಟ್ಟಿ ಹಗುರವೂ ಸಡಿಲವೂ ಆಗಿದ್ದರೆ ತಲೆಭಾರದ ಗಡಿಯಾರವು ಕೈ ಬೀಸಿದಾಗಲೆಲ್ಲ ಕೆಳಕ್ಕೆ ಹೊರಳುತ್ತದೆ.

ಗಾತ್ರದ ಮಾತು ಬಂದಾಗ ಜನರು ಡಯಲಿನ ಅಗಲವನ್ನಷ್ಟೇ ನೋಡುತ್ತಾರೆ. ಕೈಯನ್ನು ಒತ್ತುವುದು ಡಯಲಲ್ಲ, ಪಟ್ಟಿಯನ್ನು ಸಿಕ್ಕಿಸುವ ಮೇಲಣ ಕೆಳಗಣ ಕೊಂಬುಗಳು. ಇವುಗಳ ತುದಿಯಿಂದ ತುದಿಗಿರುವ ಅಂತರ ಮಣಿಕಟ್ಟಿನ ಅಗಲವನ್ನು ಮೀರಿತೆಂದರೆ ಗಡಿಯಾರ ಹಲಗೆಯಂತೆ ನಿಂತು ಅಂಚುಗಳು ಚುಚ್ಚತೊಡಗುತ್ತವೆ. ಕೊಂಬುಗಳು ಕೆಳಕ್ಕೆ ಬಾಗಿದ್ದರೆ ದೊಡ್ಡ ಗಡಿಯಾರವೂ ಸಹ್ಯವೆನಿಸುತ್ತದೆ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆಯನ್ನು ಸ್ಥಾಪಿಸಿತಷ್ಟೆ. ಅದರ ಪ್ರಸಿದ್ಧವಾದ ‘ಜನತಾ’ ಗಡಿಯಾರದ ಅಗಲ ಸುಮಾರು 35 ಮಿಲಿಮೀಟರ್. ನಮ್ಮ ಜನರ ಸಾಧಾರಣ ಮಣಿಕಟ್ಟಿಗೆ ಇದು ತಕ್ಕ ಅಳತೆಯೆಂದೇ ನನ್ನ ಅಭಿಪ್ರಾಯ. ಈಗಿನ ತರುಣರು ಗೋಡೆಯಿಂದ ಇಳಿಸಿ ತಂದಂತಹ ಗಡಿಯಾರಗಳನ್ನು ಕಟ್ಟಿಕೊಂಡು ಅಂಗಿಯ ತೋಳಿನ ಗುಂಡಿ ಹಾಕಲಾಗದೆ ಪರದಾಡುವುದನ್ನು ಕಂಡರೆ ಕನಿಕರವಾಗುತ್ತದೆ. ತೆಳುವಾಗಿರುವುದೂ ಒಂದು ಸುಖ. ಟೈಟನ್ ಕಂಪನಿಯ ‘ಎಡ್ಜ್’ ಎಂಬ ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರ್; ಒಳಗಣ ಯಂತ್ರ 1.15 ಮಿಲಿಮೀಟರ್ ಮಾತ್ರ. ಟೈಟೇನಿಯಂ ಲೋಹದ್ದಾದರೆ, ಅದೇ ಗಾತ್ರದ ಉಕ್ಕಿನ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ.

ಇನ್ನು ಕೀಲಿ ಕೊಡುವ ತಿರುಪು. ಮೂರು ಗಂಟೆಯ ಅಂಕಿಯ ಪಕ್ಕದಲ್ಲಿರುವ ಇದು, ನೆಲಕ್ಕೆ ಅಂಗೈಯೂರಿ ಏಳುವಾಗಲೂ ಸ್ಕೂಟರಿನ ಹಿಡಿಯನ್ನು ಅದುಮುವಾಗಲೂ ಮುಂಗೈಗೆ ನಾಟುತ್ತದೆ. ದಿನವೂ ಕೀಲಿ ಕೊಡಬೇಕಾದ ಗಡಿಯಾರದಲ್ಲಿ ಬೆರಳಿಗೆ ಸಿಗುವಷ್ಟಾದರೂ ತಿರುಪು ಹೊರಚಾಚಿರಲೇಬೇಕು. ಜಪಾನಿನ ಸೀಕೋ ಕಂಪನಿಯು 1963ರಲ್ಲಿ, ಕೈಯ ಅಲುಗಾಟದಿಂದಲೇ ಕೀಲಿಯಾಗುವ ಗಡಿಯಾರವೊಂದರಲ್ಲಿ ತಿರುಪನ್ನು ನಾಲ್ಕು ಗಂಟೆಯ ಬಳಿಗೆ ಸರಿಸಿ ಅರೆಬರೆ ಹುದುಗಿಸಿಬಿಟ್ಟಿತು.

ಪಟ್ಟಿಯನ್ನು ಎಷ್ಟು ಬಿಗಿಯಬೇಕು? ಕಿರುಬೆರಳು ನುಸುಳುವಷ್ಟು ಎಡೆಯಿದ್ದರೆ ಸಾಕು. ಸೆಕೆಯ ದಿನಗಳಲ್ಲಿ ಕೈ ಸ್ವಲ್ಪ ಊದಿಕೊಳ್ಳುವುದರಿಂದ ಬೆಳಗ್ಗೆ ಸರಿಯಾಗಿದ್ದ ರಂಧ್ರ ಮಧ್ಯಾಹ್ನಕ್ಕೆ ಬಿಗಿಯಾಗುವುದುಂಟು. ಮುಂದಿನದು ತೀರ ಸಡಿಲ. ಇವೆರಡರ ನಡುವೆ ಇನ್ನೊಂದು ರಂಧ್ರ ಹೊಡೆದುಕೊಡಲು ಗಡಿಯಾರ ರಿಪೇರಿಯವನಿಗೆ ಒಂದು ನಿಮಿಷ ಸಾಕಾದರೂ, ಸಂಕೋಚದಿಂದಲೋ ಸೋಮಾರಿತನದಿಂದಲೋ ವರ್ಷಗಟ್ಟಲೆ ಬಾಧೆಪಡುವವರಿದ್ದಾರೆ. ಉಕ್ಕಿನ ಚೈನಾದರೆ ಕೊಂಡಿಗಳನ್ನು ಒಂದೇ ಕಡೆಯಿಂದ ತೆಗೆಸಬಾರದು. ಬೀಗ ಮಣಿಕಟ್ಟಿನ ಅಡಿಯ ನಡುವಿಗೆ ಬರಬೇಕು. ಕಿರುಬೆರಳಿನ ಕಡೆ ಉಬ್ಬಿರುವ ಮೂಳೆಯ ಮೇಲೆ ಕಟ್ಟದೆ, ಅದರಿಂದ ತುಸು ಹಿಂದಕ್ಕೆ, ಮೊಣಕೈಯ ದಿಕ್ಕಿಗೆ ಕಟ್ಟುವುದು ಲೇಸು.

ನಮ್ಮ ನೆರೆಮನೆಯ ಮಹಿಳೆಯೊಬ್ಬರಿಗೆ ತೀರಿಕೊಂಡ ತಂದೆಯ ಗಡಿಯಾರ ಬಂದಿತ್ತು. ಮಕ್ಕಳಲ್ಲಿ ಅದನ್ನು ಬೇಡಿ ಪಡೆದವರು ಅವರೊಬ್ಬರೇ. ಮೂರು ದಿನ ಕಟ್ಟುವುದರೊಳಗೆ ಚರ್ಮ ಕೆಂಪಾಗಿ, ನೀರ್ಗುಳ್ಳೆಯೆದ್ದು, ತುರಿಕೆ ತಡೆಯದಾಯಿತು. ಮನೆಯ ಹಿರಿಯರೊಬ್ಬರು ಇದು ಸತ್ತವರ ಸೊತ್ತಿನ ದೋಷವೆಂದು ಯಾರಿಗಾದರೂ ಕೊಟ್ಟುಬಿಡಲು ಹೇಳಿದರಂತೆ. ಚರ್ಮವೈದ್ಯರು ಹೇಳಿದ ಕಾರಣ ಬೇರೆ: ನಿಕಲ್. ಹಿತ್ತಾಳೆಯ ಗಡಿಯಾರಗಳಿಗೆ ಲೇಪದ ಅಡಿಯಲ್ಲಿ ಈ ಲೋಹವನ್ನು ಬಳಿಯುವುದು ವಾಡಿಕೆ. ಮೇಲಣ ಲೇಪ ಸವೆದ ಮೇಲೆ ಬೆವರು ಅದನ್ನು ಕರಗಿಸಿ ಚರ್ಮಕ್ಕೆ ಸೇರಿಸುತ್ತದೆ. ಒಮ್ಮೆ ಒಗ್ಗದಾಯಿತೆಂದರೆ ಸಾಮಾನ್ಯವಾಗಿ ಅದು ಜೀವಮಾನದ ಸಂಗಾತಿ. ಯೂರೋಪಿನ ರಾಷ್ಟ್ರಗಳು 1994ರಲ್ಲಿಯೇ ಮೈಗೆ ತಾಕುವ ಸಾಮಾನುಗಳಿಂದ ಹೊರಬರುವ ನಿಕಲಿಗೆ ಮಿತಿ ವಿಧಿಸಿದವು.

ಆಕೆ ಗಡಿಯಾರವನ್ನು ಕೊಡಲಿಲ್ಲ. ಬೆನ್ನಿನ ಕೆಳಗೂ ಹಾಯ್ದು ಲೋಹವನ್ನು ಚರ್ಮದಿಂದ ದೂರವಿಡುವ ಅಗಲವಾದ ತೊಗಲುಪಟ್ಟಿಯನ್ನು ಹಾಕಿಸಿಕೊಂಡರು. ಗುಳ್ಳೆಗಳು ಮಾಯುವ ತನಕ ಕಾದು ಮತ್ತೆ ಕಟ್ಟತೊಡಗಿದರು. ತೊಗಲು ಬೆವರು ಹೀರಿ ಬೇಗ ಹಾಳಾಗುತ್ತದಾದ್ದರಿಂದ ರಾತ್ರಿ ಬಿಚ್ಚಿ ಗಾಳಿಗೆ ಇಡುತ್ತಾರೆ. ಪ್ರತಿವರ್ಷ ಬೇಸಗೆ ಕಳೆದೊಡನೆ ಹೊಸ ಪಟ್ಟಿ.