ಮಳೆಗಾಲದ ಪಂಕ್ಚರ್‌ಗೆ ಪ್ಯಾಚ್ ಸಾಲದು

ಮೂಡಿಗೆರೆಯಿಂದ ಕೊಟ್ಟಿಗೆಹಾರ, ಕಳಸದ ಕಡೆಗೆ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರು ಮಳೆಗಾಲದಲ್ಲಿ ಪ್ಯಾಚನ್ನೇ ನಂಬಿ ಹೊರಡಬಾರದು. ಚೀಲದಲ್ಲಿ ಪಂಪಿನ ಜೊತೆಗೊಂದು ಸ್ಪೇರ್ ಟ್ಯೂಬು ಇರಲೇಬೇಕು. ಪ್ಯಾಚ್ ಅಂಟಿಸುವ ಸಲ್ಯೂಷನ್ ಹಿಡಿಯುವುದು ಉಜ್ಜಿ ಒಣಗಿಸಿದ ರಬ್ಬರಿನ ಮೇಲೆ ಮಾತ್ರ. ಹಚ್ಚಿದ ಮೇಲೆ ಅದರ ಹಸಿ ಹೊಳಪು ಮಾಸುವವರೆಗೆ ಕಾಯಬೇಕು, ಆಮೇಲೆ ಪ್ಯಾಚ್ ಒತ್ತಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ, ಸಿಲ್ವರ್ ಓಕ್ ಮರದಿಂದ ತೊಟ್ಟಿಕ್ಕುವ ನೀರಿನ ಕೆಳಗೆ, ಅಷ್ಟು ಒಣಗಿದ ಟ್ಯೂಬು ಎಲ್ಲಿಂದ ಬರಬೇಕು? ತೂತಾದದ್ದನ್ನು ಸಂಜೆ ಮನೆಯಲ್ಲಿ ನಿಧಾನವಾಗಿ ಸರಿಮಾಡಿ, ಆ ಪ್ಯಾಚ್ ಬಾಳುತ್ತದೆ.

ಟ್ಯೂಬು ಬದಲಿಸಲು ಹಿಂದಿನ ಚಕ್ರ ಬಿಚ್ಚುವುದು ರಗಳೆ, ಚೈನ್ ಕವರ್ ಅಡ್ಡ ಬರುತ್ತದೆ ಎನ್ನುವವರಿದ್ದಾರೆ. ನಿಜವೇ. ಸರಿಯಾದ ಅಳತೆಯ ಸ್ಪ್ಯಾನರ್ ಬೇಕು, ಅಂಗಳದಲ್ಲೊಮ್ಮೆ ಬಿಚ್ಚಿ ಜೋಡಿಸಿ ಕೈ ಪಳಗಿರಬೇಕು. ಬಿಸಿಲಿನ ದಿನವಾದರೆ ಚಕ್ರ ಬಿಚ್ಚದೆಯೇ ಟ್ಯೂಬನ್ನು ಒಂದಷ್ಟು ಹೊರಗೆಳೆದು ಪ್ಯಾಚ್ ಹಾಕಬಹುದು. ಆದರೆ ಗಾಳಿಯಿಲ್ಲದ ಟೈರಿನಲ್ಲೇ ಅಂಗಡಿವರೆಗೆ ತುಳಿಯುತ್ತೇನೆ ಎಂಬುದು ಒಪ್ಪುವ ಮಾತಲ್ಲ: ರಿಮ್ಮು ಟೈರನ್ನು ಜಜ್ಜುತ್ತದೆ, ವಾಲ್ವಿನ ಬುಡ ಹರಿಯುತ್ತದೆ, ಇಳಿಜಾರಿನ ತಿರುವಿನಲ್ಲಿ ಚಕ್ರ ಜಾರುತ್ತದೆ. ಅದಕ್ಕಿಂತ ತಳ್ಳಿಕೊಂಡು ಹೋಗುವುದೇ ಮೇಲು. ಇನ್ನು ಹೊಸ ಟ್ಯೂಬು ತೂರಿಸುವ ಮುನ್ನ ಟೈರಿನ ಒಳಸುತ್ತನ್ನು ಬಟ್ಟೆಯಿಂದ ಸವರಿ ನೋಡಿ. ತೋಟದ ಬೇಲಿಯ ಮುಳ್ಳುತಂತಿ ಚೂರು ಅಲ್ಲೇ ಉಳಿದಿದ್ದರೆ ಹೊಸದೂ ತೂತಾಗುತ್ತದೆ.